ನಾರ್ಸ್‌ಮನ್‌ಗೆ ತಯಾರಿ: ಮೊದಲು ಕಾರಿನಲ್ಲಿರುವ ಇಬ್ಬರನ್ನು ಸಿದ್ಧ ಮಾಡಿ

ಪ್ರಶ್ನೆ: ನನಗೆ 39 ವರ್ಷ. ಊರು ಮೈಸೂರು, ಕೆಲಸ ಬೆಂಗಳೂರಿನಲ್ಲಿ. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ಟ್ರಯಥ್ಲಾನ್ ನನ್ನ ಹವ್ಯಾಸ. ಗೋವಾದ ಹಾಫ್ ಐರನ್‌ಮನ್ ಮುಗಿಸಿದ್ದೇನೆ. ಆಮೇಲೆ ಕಜಕಸ್ತಾನದಲ್ಲಿ ಫುಲ್ ಐರನ್‌ಮನ್ 13 ಗಂಟೆ ಚಿಲ್ಲರೆಯಲ್ಲಿ ಮುಗಿಸಿದೆ. ಈಗ ನಾರ್ವೆಯ ನಾರ್ಸ್‌ಮನ್ ಟ್ರಯಥ್ಲಾನ್‌ನ ಲಾಟರಿಯಲ್ಲಿ ಹೆಸರು ಬಂದಿದೆ, ಮುಂದಿನ ಆಗಸ್ಟ್‌ಗೆ. ತಣ್ಣೀರು ಅಂದರೆ ನನಗೆ ಭಯ. ಬಿಪಿ ಸ್ವಲ್ಪ ಗಡಿಯಲ್ಲಿದೆ, ಮಾತ್ರೆ ತೆಗೆದುಕೊಳ್ಳುತ್ತಿಲ್ಲ. ಸಸ್ಯಾಹಾರಿ. ನಮ್ಮ ಯಜಮಾನರು ಮತ್ತು ಜರ್ಮನಿಯಲ್ಲಿರುವ ತಮ್ಮ ಸಪೋರ್ಟ್‌ಗೆ ಬರುತ್ತಾರೆ. ಇಬ್ಬರಿಗೂ ಕ್ರೀಡೆಯ ಅಭ್ಯಾಸ ಇಲ್ಲ. ಚಳಿಯೂ ಇಲ್ಲದ, ದೊಡ್ಡ ಏರೂ ಇಲ್ಲದ ಬೆಂಗಳೂರಿನಲ್ಲಿ ಹೇಗೆ ತಯಾರಾಗಲಿ? ಬೆಟ್ಟದ ತುದಿಯಲ್ಲಿ ರೇಸ್ ಮುಗಿಸಿದವರಿಗೆ ಮಾತ್ರ ಸಿಗುವ ಕಪ್ಪು ಟೀಶರ್ಟ್‌ನ ಆಸೆ ಇಟ್ಟುಕೊಳ್ಳಬಹುದಾ?

ಉತ್ತರ: ಮೊದಲು ಅಭಿನಂದನೆ. ಆ ಲಾಟರಿಯಲ್ಲಿ ಹೆಸರು ಬರುವುದು ಸುಲಭವಲ್ಲ. ಎಷ್ಟೋ ಜನ ವರ್ಷಗಟ್ಟಲೆ ಕಾಯುತ್ತಾರೆ.

ನಿಮ್ಮ ಪತ್ರದಲ್ಲಿ ನೀರು, ಏರು, ಟೀಶರ್ಟ್ ಬಗ್ಗೆ ಕೇಳಿದ್ದೀರಿ. ಯಜಮಾನರು ಮತ್ತು ತಮ್ಮನ ವಿಷಯ ಒಂದೇ ಸಾಲಿನಲ್ಲಿ ಮುಗಿದಿದೆ. ನನ್ನ ಉತ್ತರ ಅಲ್ಲಿಂದಲೇ ಶುರುವಾಗಬೇಕು. ಗೋವಾದಲ್ಲಿ, ಕಜಕಸ್ತಾನದಲ್ಲಿ ದಾರಿಯುದ್ದಕ್ಕೂ ನೀರು, ಬಾಳೆಹಣ್ಣು, ಜೆಲ್ ಹಿಡಿದು ಸ್ವಯಂಸೇವಕರು ನಿಂತಿದ್ದರು. ನಾರ್ಸ್‌ಮನ್‌ನಲ್ಲಿ ಅಂಥ ವ್ಯವಸ್ಥೆಯನ್ನು ನಂಬಿಕೊಂಡು ಹೋಗುವಂತಿಲ್ಲ. ಪ್ರತಿಯೊಬ್ಬ ಸ್ಪರ್ಧಿಯೂ ತನ್ನದೇ ಸಹಾಯಕರನ್ನು, ತನ್ನದೇ ಕಾರನ್ನು ತರಬೇಕು. ಊಟ, ನೀರು, ಒಣಬಟ್ಟೆ, ಪಂಕ್ಚರ್ ಸಾಮಾನು ಎಲ್ಲ ಆ ಕಾರಿನಲ್ಲೇ ಇರುತ್ತದೆ. ಕಾರು ಸೈಕಲ್ಲಿನ ಪಕ್ಕದಲ್ಲೇ ಓಡುವಂತಿಲ್ಲ. ಮುಂದೆ ಹೋಗಿ ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕು, ನೀವು ಬಂದಾಗ ಕೊಡಬೇಕು, ಮತ್ತೆ ಮುಂದೆ ಹೋಗಬೇಕು. ಅವರು ನಿಯಮ ಮುರಿದರೆ ಶಿಕ್ಷೆ ನಿಮಗೆ.

ಇನ್ನೊಂದು ವಿಷಯ ಅವರಿಗೆ ಇವತ್ತೇ ಹೇಳಿ. ಕೊನೆಯ ಸುಮಾರು ಐದು ಕಿಲೋಮೀಟರ್ ಕಲ್ಲುಬಂಡೆಗಳ ಬೆಟ್ಟದ ದಾರಿ. ಅಲ್ಲಿ ನೀವು ಒಬ್ಬರೇ ಹತ್ತುವಂತಿಲ್ಲ. ಸಹಾಯಕರಲ್ಲಿ ಒಬ್ಬರು ನಿಮ್ಮ ಜೊತೆಯಲ್ಲೇ ತುದಿಯವರೆಗೆ ಬರಬೇಕು. ಇಬ್ಬರ ಬೆನ್ನಿಗೂ ಬ್ಯಾಗ್ ಇರಬೇಕು, ಅದರಲ್ಲಿ ಬೆಚ್ಚನೆ ಬಟ್ಟೆ, ತಿಂಡಿ, ಹೆಡ್‌ಲ್ಯಾಂಪ್ ಇರಬೇಕು. ಆ ದಾರಿ ಶುರುವಾಗುವ ಸ್ಟಾವ್ಸ್ರೊ ಅನ್ನುವ ಜಾಗದಿಂದ ತುದಿಗೆ ಸುಮಾರು 680 ಮೀಟರ್ ಎತ್ತರ ಹತ್ತಬೇಕಾಗುತ್ತದೆ. ಅದೂ ಬೆಳಗಿನ ಜಾವ ಎರಡು ಗಂಟೆಗೆ ಎದ್ದು, ಇಡೀ ದಿನ ಕಾರಿನಲ್ಲಿ ಹತ್ತಿ ಇಳಿದು ಓಡಾಡಿದ ಮೇಲೆ. ಕ್ರೀಡೆಯ ಅಭ್ಯಾಸ ಇಲ್ಲದವರಿಗೆ ಇದು ಸಣ್ಣ ಕೆಲಸ ಅಲ್ಲ.

ಹಾಗಾಗಿ ಕೆಲಸ ಈಗಲೇ ಹಂಚಿಬಿಡಿ. ತಮ್ಮ ಜರ್ಮನಿಯಲ್ಲಿದ್ದಾರೆ ಅಂದ ಮೇಲೆ ರಸ್ತೆಯ ಬಲಗಡೆ ಕಾರು ಓಡಿಸುವುದು ಅವರಿಗೆ ರೂಢಿಯಾಗಿರಬೇಕು. ನಾರ್ವೆಯಲ್ಲೂ ಬಲಗಡೆಯೇ. ಆದ್ದರಿಂದ ಅವರು ಡ್ರೈವರ್. ಬೆಟ್ಟ ಹತ್ತುವುದು ನಿಮ್ಮ ಯಜಮಾನರ ಕೆಲಸ. ಅವರು ಈ ವಾರವೇ ನಡೆಯಲು ಶುರು ಮಾಡಲಿ. ಊರಿಗೆ ಹೋದಾಗಲೆಲ್ಲ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಸಿ. ಮಾರ್ಚ್ ಹೊತ್ತಿಗೆ ಬೆನ್ನಿಗೆ ಐದಾರು ಕೆ.ಜಿ. ಹೊತ್ತು ನಿಲ್ಲದೆ ಒಮ್ಮೆ, ಜೂನ್ ಹೊತ್ತಿಗೆ ಎರಡು ಸಲ ಹತ್ತುವಂತಾಗಬೇಕು. ಅವರ ಮೊಣಕಾಲು ಹೇಗಿದೆ, ಎದೆಯ ಆರೋಗ್ಯ ಹೇಗಿದೆ ಅಂತ ಮೊದಲು ಡಾಕ್ಟರಿಗೆ ತೋರಿಸಿ. ಆಗದು ಅನ್ನಿಸಿದರೆ ಈಗಲೇ ಬೇರೆಯವರನ್ನು ಹುಡುಕಿ. ಸಂಬಂಧಕ್ಕಿಂತ ಇಲ್ಲಿ ಕಾಲು ಮುಖ್ಯ.

ಇನ್ನು ರೇಸಿನ ಪರಿಚಯ. ಇದು 2003ರಲ್ಲಿ ಶುರುವಾಯಿತು. ದೂರ ನಿಮಗೆ ಗೊತ್ತಿರುವುದೇ: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಆದರೆ ಸಮುದ್ರಮಟ್ಟದಲ್ಲಿ ನೀರಿಗೆ ಹಾರಿ, ಗೌಸ್ಟಾಟೋಪೆನ್ ಬೆಟ್ಟದ ಮೇಲೆ 1,850 ಮೀಟರ್ ಎತ್ತರದಲ್ಲಿ ಮುಗಿಸಬೇಕು. ಗೌಸ್ಟಾಟೋಪೆನ್‌ನ ಶಿಖರ 1,883 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಕಡಿಮೆ. ಹಾಗಾಗಿ ಗಾಳಿಯಲ್ಲಿ ಆಮ್ಲಜನಕ ಸಾಲದು ಅನ್ನುವ ಚಿಂತೆ ಬೇಡ. ನೀವು ಈಗಾಗಲೇ 900 ಮೀಟರ್ ಎತ್ತರದ ಊರಿನಲ್ಲೇ ಬದುಕುತ್ತಿದ್ದೀರಿ. ಅಲ್ಲಿ ಕಾಡುವುದು ಚಳಿ, ಒದ್ದೆ, ಗಾಳಿ. ಇವು ಮೂರೂ ಒಟ್ಟಿಗೆ ಬಂದಾಗಲೇ ಅಪಾಯ.

ನೀರಿನ ಭಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಭಯಕ್ಕೆ ಕಾರಣ ಇದೆ. ಅದಕ್ಕೆ ಪರಿಹಾರವೂ ಇದೆ.

ಬೆಳಗಿನ ಜಾವ ಒಂದು ಫೆರ್ರಿ ನಿಮ್ಮನ್ನೆಲ್ಲ ಹಾರ್ಡಾಂಗರ್ ಫ್ಯೋರ್ಡ್‌ನೊಳಗೆ ಕರೆದುಕೊಂಡು ಹೋಗುತ್ತದೆ. ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲು. ಸುಮಾರು ನಾಲ್ಕು ಮೀಟರ್ ಎತ್ತರದಿಂದ ನೀರಿಗೆ ಹಾರಬೇಕು. ಐದು ಗಂಟೆಗೆ ರೇಸ್ ಶುರು. ಅಲ್ಲಿಂದ ಐಡ್‌ಫ್ಯೋರ್ಡ್ ಹಳ್ಳಿಯ ದಡಕ್ಕೆ ಈಜಬೇಕು. ಆಗಸ್ಟ್ ಆರಂಭದಲ್ಲಿ ನೀರು ಸಾಮಾನ್ಯವಾಗಿ 13ರಿಂದ 15 ಡಿಗ್ರಿ. 2015ರಲ್ಲಿ ನೀರು ತೀರಾ ತಣ್ಣಗಿದ್ದು ಈಜಿನ ದೂರವನ್ನೇ ಕಡಿಮೆ ಮಾಡಬೇಕಾಯಿತು. ಬೆಂಗಳೂರಿನ ಪೂಲ್‌ನಲ್ಲಿ, ಗೋವಾದ ಸಮುದ್ರದಲ್ಲಿ ಈಜಿದ ಮೈಗೆ ಇದು ಬೇರೆಯೇ ಲೋಕ.

ತಣ್ಣೀರಿಗೆ ಬಿದ್ದ ತಕ್ಷಣ ಏನಾಗುತ್ತದೆ? ಚರ್ಮ ಒಮ್ಮೆಲೇ ತಣ್ಣಗಾದಾಗ ನಿಮ್ಮ ಇಷ್ಟ ಕೇಳದೆ ಒಂದು ದೊಡ್ಡ ಉಸಿರು ಒಳಗೆ ಬರುತ್ತದೆ. ಆಮೇಲೆ ಒಂದೆರಡು ನಿಮಿಷ ಏದುಸಿರು. ಹೃದಯ ಜೋರಾಗಿ ಬಡಿಯುತ್ತದೆ, ಬಿಪಿ ಏರುತ್ತದೆ. ಆ ಒಂದೆರಡು ನಿಮಿಷದಲ್ಲಿ ಗಾಬರಿಯಿಂದ ಈಜಲು ಹೋದವರು ನೀರು ಕುಡಿಯುತ್ತಾರೆ. ಸುಮ್ನೆ ತೇಲುತ್ತಾ, ಉಸಿರನ್ನು ಉದ್ದಕ್ಕೆ ಹೊರಗೆ ಬಿಡುತ್ತಾ ಇದ್ದರೆ ಅದು ತಾನಾಗಿಯೇ ಇಳಿಯುತ್ತದೆ. ವೆಟ್‌ಸೂಟ್ (ಮೈ ಬೆಚ್ಚಗಿಡುವ, ತೇಲಿಸುವ ರಬ್ಬರಿನಂಥ ಈಜುಡುಪು) ಹಾಕಿದ್ದೀರಿ, ಮುಳುಗುವುದಿಲ್ಲ.

ಖುಷಿಯ ಸಂಗತಿ ಏನೆಂದರೆ, ಮೈ ಇದನ್ನು ಬೇಗ ಕಲಿಯುತ್ತದೆ. ಎರಡು ಮೂರು ನಿಮಿಷದ ಐದಾರು ಮುಳುಗುಗಳಲ್ಲೇ ಈ ಏದುಸಿರು ತುಂಬಾ ಕಡಿಮೆಯಾಗುತ್ತದೆ. ಹಾಗೆ ಕಲಿತದ್ದು ತಿಂಗಳುಗಟ್ಟಲೆ ಉಳಿಯುತ್ತದೆ. ಇದಕ್ಕೆ ಮನೆಯಲ್ಲಿ ದೊಡ್ಡ ಡ್ರಮ್ ಸಾಕು. ನೀರು ತುಂಬಿ ಐಸ್ ಹಾಕಿ, ಥರ್ಮಾಮೀಟರ್‌ನಲ್ಲಿ 13–15 ಡಿಗ್ರಿ ನೋಡಿಕೊಳ್ಳಿ. ಕುತ್ತಿಗೆವರೆಗೆ ಇಳಿಯಿರಿ, ಉಸಿರು ಹತೋಟಿಗೆ ಬಂದ ಮೇಲೆ ಮುಖವನ್ನೂ ಮುಳುಗಿಸಿ. ಮೂರು ನಿಮಿಷಕ್ಕೆ ಎದ್ದುಬನ್ನಿ. ಒಬ್ಬರೇ ಇದ್ದಾಗ ಯಾವತ್ತೂ ಮಾಡಬೇಡಿ, ಯಜಮಾನರು ಪಕ್ಕದಲ್ಲಿ ನಿಂತಿರಲಿ. ಎಷ್ಟು ಹೊತ್ತು ತಡೆದೆ ಅಂತ ಪಂದ್ಯ ಕಟ್ಟುವ ಜಾಗ ಇದಲ್ಲ.

ಆದರೆ ಡ್ರಮ್ಮಿಗೆ ಇಳಿಯುವ ಮೊದಲು ಬಿಪಿ ವಿಷಯ ಮುಗಿಸಬೇಕು. ಇದು ನನ್ನ ಷರತ್ತು ಅಂತಲೇ ತಿಳಿಯಿರಿ. ತಣ್ಣೀರಿನಲ್ಲಿ ದೀರ್ಘವಾಗಿ ಈಜುವಾಗ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಹೊರಗಿನ ನೀರು ಒಳಗೆ ಹೋಗಿ ಅಲ್ಲ. ಚಳಿಗೆ ಕೈಕಾಲಿನ ರಕ್ತನಾಳ ಕುಗ್ಗಿ ರಕ್ತ ಎದೆಯ ಕಡೆ ನುಗ್ಗುತ್ತದೆ. ಅಲ್ಲಿ ಒತ್ತಡ ಜಾಸ್ತಿಯಾಗಿ ದ್ರವ ಶ್ವಾಸಕೋಶದೊಳಗೆ ಒಸರುತ್ತದೆ. ಬಿಪಿ ಇರುವವರಿಗೆ, ಬಿಗಿಯಾದ ವೆಟ್‌ಸೂಟ್ ಹಾಕಿದವರಿಗೆ, ರೇಸಿಗೆ ಮುಂಚೆ ಲೀಟರ್‌ಗಟ್ಟಲೆ ನೀರು ಕುಡಿದವರಿಗೆ ಇದರ ಅಪಾಯ ಹೆಚ್ಚು. ಈಜುವಾಗ ವಿಪರೀತ ಉಬ್ಬಸ, ನಿಲ್ಲದ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ಗುಲಾಬಿ ಬಣ್ಣದ ನೊರೆ ಕಫ ಕಂಡರೆ ಅಲ್ಲೇ ಕೈ ಎತ್ತಿ ದೋಣಿ ಕರೆಯಿರಿ. ದಡ ಹತ್ತಿರದಲ್ಲೇ ಇದೆ ಅಂತ ಮುಂದುವರಿಯಬೇಡಿ. ಹೃದ್ರೋಗ ತಜ್ಞರಿಗೆ ನಾರ್ಸ್‌ಮನ್ ವಿಷಯ ಬಿಡಿಸಿ ಹೇಳಿ. 24 ಗಂಟೆಯ ಬಿಪಿ, ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಯಾವುದು ಬೇಕು ಅಂತ ಅವರು ನಿರ್ಧರಿಸಲಿ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಕೂಡ ನೋಡಿಸಿ. ಇಷ್ಟು ತಾಲೀಮು ಮಾಡುವ ಸಸ್ಯಾಹಾರಿ ಹೆಣ್ಣುಮಕ್ಕಳಲ್ಲಿ ಕಬ್ಬಿಣ ತಳ ಮುಟ್ಟಿರುವುದು ತೀರಾ ಸಾಮಾನ್ಯ.

ವೆಟ್‌ಸೂಟ್ ಅಲ್ಲಿ ಕಡ್ಡಾಯ. ಪೂರ್ತಿ ತೋಳಿನದ್ದು ಕೊಳ್ಳಿ. ಎದೆ, ಕುತ್ತಿಗೆ ಒತ್ತಬಾರದು, ಹಾಗಂತ ನೀರು ಸುತ್ತಾಡುವಷ್ಟು ಸಡಿಲವೂ ಇರಬಾರದು. ವೆಟ್‌ಸೂಟಿನದೇ ಬಟ್ಟೆಯಾದ ನಿಯೋಪ್ರೀನ್‌ನ ಟೋಪಿ ಹಾಕಿ, ಅದರ ಮೇಲೆ ರೇಸಿನ ಟೋಪಿ. ಕಿವಿಗೆ ಪ್ಲಗ್ ಇರಲಿ. ತಣ್ಣೀರು ಕಿವಿಯೊಳಗೆ ಹೋದರೆ ತಲೆ ತಿರುಗುತ್ತದೆ, ದಡಕ್ಕೆ ಬಂದು ನಿಲ್ಲಲಾಗದೆ ಬೀಳುವವರು ಇದ್ದಾರೆ. ಕೈಗವಸು, ಕಾಲುಚೀಲಕ್ಕೆ ಅನುಮತಿ ಇದೆಯಾ ಅಂತ ಆ ವರ್ಷದ ಕೈಪಿಡಿ ನೋಡಿ. ಬೆಂಗಳೂರಿನ ಬೆಚ್ಚನೆ ಪೂಲ್‌ನಲ್ಲಿ ಈ ಸೂಟ್ ಹಾಕಿ ಗಂಟೆಗಟ್ಟಲೆ ಈಜಬೇಡಿ, ಮೈ ಕಾದು ಸುಸ್ತಾಗುತ್ತದೆ. ಜನವರಿಯ ಬೆಳಗ್ಗೆ, ಬಿಸಿ ಮಾಡದ ಪೂಲ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷ ಹಾಕಿ ತೋಳಿನ ಚಲನೆ ನೋಡಿಕೊಂಡರೆ ಸಾಕು.

ತಮ್ಮ ಜರ್ಮನಿಯಲ್ಲಿರುವುದು ನಿಮಗೆ ಇನ್ನೊಂದು ದೊಡ್ಡ ಅನುಕೂಲ. ಸಾಧ್ಯವಾದರೆ ಮೇ ತಿಂಗಳಲ್ಲಿ ಒಂದು ವಾರ ಅಲ್ಲಿಗೆ ಹೋಗಿ. ಆ ಹೊತ್ತಿಗೆ ಅಲ್ಲಿನ ಸರೋವರಗಳು ಇನ್ನೂ ತಣ್ಣಗಿರುತ್ತವೆ. ದಡಕ್ಕೆ ಹತ್ತಿರದಲ್ಲೇ, ಕಣ್ಣಿಗೆ ಬೀಳುವ ಬಣ್ಣದ ತೇಲುಬುರುಡೆ ಕಟ್ಟಿಕೊಂಡು, ಹತ್ತು ನಿಮಿಷದಿಂದ ಶುರು ಮಾಡಿ ನಲವತ್ತು ನಿಮಿಷಕ್ಕೆ ಬನ್ನಿ. ಆ ವಾರ ಮೂವರೂ ಕೂತು ಕಾರಿನ ತಾಲೀಮು ಕೂಡ ಮುಗಿಸಬಹುದು. ಆಗಸ್ಟ್‌ನಲ್ಲಿ ರೇಸಿಗೆ ಒಂದು ವಾರ ಮುಂಚೆಯೇ ಐಡ್‌ಫ್ಯೋರ್ಡ್ ತಲುಪಿ, ದಿನಾ ಸ್ವಲ್ಪ ಹೊತ್ತು ಅದೇ ನೀರಿಗೆ ಇಳಿಯಿರಿ. ರೇಸಿನ ದಿನ ಫೆರ್ರಿಯ ಮೇಲೆ ಪೈಪಿನಲ್ಲಿ ಫ್ಯೋರ್ಡ್‌ನ ನೀರು ಚಿಮ್ಮಿಸುತ್ತಿರುತ್ತಾರೆ. ಅದರ ಕೆಳಗೆ ನಿಂತು ಮುಖ, ಕುತ್ತಿಗೆ ನೆನೆಸಿಕೊಂಡೇ ಹಾರಿ.

ದಡಕ್ಕೆ ಬಂದ ಮೇಲೂ ಮೈಯೊಳಗಿನ ಶಾಖ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ, ಯಾಕೆಂದರೆ ಕೈಕಾಲಿನ ತಣ್ಣನೆ ರಕ್ತ ಒಳಗೆ ಮರಳುತ್ತದೆ. ಬೆರಳು ಮರಗಟ್ಟಿ ಹೆಲ್ಮೆಟ್ಟಿನ ಬಕಲ್ ಹಾಕಲೂ ಆಗುವುದಿಲ್ಲ. ಇಲ್ಲಿ ಅವಸರ ಬೇಡ. ಒದ್ದೆ ಬಟ್ಟೆ ಪೂರ್ತಿ ತೆಗೆದು, ಒರೆಸಿಕೊಂಡು, ಒಣಗಿದ ಉಣ್ಣೆಯ ಒಳ ಅಂಗಿ, ಗಾಳಿ ತಡೆಯುವ ಜಾಕೆಟ್, ಕೈಗವಸು ಹಾಕಿ. ಐದು ನಿಮಿಷ ಜಾಸ್ತಿ ಹೋದರೂ ಪರವಾಗಿಲ್ಲ. ಇಲ್ಲಿ ಉಳಿಸಿದ ಐದು ನಿಮಿಷವನ್ನು ಮೇಲೆ ಪ್ರಸ್ಥಭೂಮಿಯಲ್ಲಿ ನಡುಗುತ್ತಾ ಕಳೆಯಬೇಕಾಗುತ್ತದೆ.

ಈಗ ಸೈಕಲ್. ಐಡ್‌ಫ್ಯೋರ್ಡ್‌ನಿಂದ ಹೊರಟ ಕೂಡಲೇ ಏರು. ಸಮುದ್ರಮಟ್ಟದಿಂದ ಡೀರಾನುಟ್ ಅನ್ನುವ ಜಾಗಕ್ಕೆ ಸುಮಾರು 1,250 ಮೀಟರ್ ಹತ್ತುತ್ತೀರಿ. ನಂದಿಬೆಟ್ಟದ ಏರನ್ನು ಎರಡು ಸಲ ಹತ್ತಿದ್ದಕ್ಕಿಂತಲೂ ಜಾಸ್ತಿ. ಆಮೇಲೆ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿ: ಮರವಿಲ್ಲ, ಮರೆಯಿಲ್ಲ, ಗಾಳಿಗೆ ತಡೆಯಿಲ್ಲ. ಮಳೆ ಬಂದ ವರ್ಷ ಅಲ್ಲಿನ ತಾಪಮಾನ ಒಂದಂಕಿಗೆ ಇಳಿಯುತ್ತದೆ. ಅರ್ಧ ದಾರಿಗೆ ಯೈಲೊ ಪಟ್ಟಣ. ಅಲ್ಲಿಂದ ಮತ್ತೆ ಏರುಗಳ ಸಾಲು, ಕೊನೆಯದು ಇಮಿಂಗ್‌ಫ್ಯೆಲ್. ಮೊದಲ ಏರಿನಲ್ಲಿ ಕಾಲು ಹೊಸದಾಗಿರುತ್ತದೆ, ಜನ ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ. ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಇದ್ದರೆ ಎಫ್‌ಟಿಪಿಯ (ಸುಮಾರು ಒಂದು ಗಂಟೆ ಎಡೆಬಿಡದೆ ತುಳಿಯಬಲ್ಲ ಗರಿಷ್ಠ ಶಕ್ತಿ) 70–75 ಶೇಕಡಾ ದಾಟಬೇಡಿ. ಇಲ್ಲದಿದ್ದರೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ಮಾತ್ರ ತುಳಿಯಿರಿ. ಕಜಕಸ್ತಾನದ ಸಮತಟ್ಟು ದಾರಿಯ ಸಮಯ ಮರೆತುಬಿಡಿ. ಇಲ್ಲಿ ನಿಮಗೆ ಎಂಟು ಗಂಟೆ ದಾಟಿದರೆ ಆಶ್ಚರ್ಯವಿಲ್ಲ.

ಗೇರ್: ಚಕ್ರಗಳ ಹಲ್ಲಿನ ಲೆಕ್ಕದಲ್ಲಿ ಮುಂದೆ 50/34, ಹಿಂದೆ 11–34 ಇರಲಿ. ವೇಗಕ್ಕೆಂದೇ ಮಾಡಿದ ಟೈಮ್ ಟ್ರಯಲ್ ಬೈಕಿಗಿಂತ ಏರೋಬಾರ್ (ಬಗ್ಗಿ ಮೊಣಕೈ ಊರುವ ಹಿಡಿ) ಕಟ್ಟಿದ ರೋಡ್ ಬೈಕೇ ನಿಮಗೆ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ಮರಗಟ್ಟಿದ ಬೆರಳಿಗೆ ಡಿಸ್ಕ್ ಬ್ರೇಕ್ ವರದಾನ. ದಾರಿಯಲ್ಲಿ ಸುರಂಗಗಳಿವೆ, ಸೈಕಲ್ಲಿಗೆ ಮುಂದೆ ಹಿಂದೆ ಲೈಟ್ ಕಡ್ಡಾಯ.

ಬೆಂಗಳೂರಿನಲ್ಲಿ ಏರು ಇಲ್ಲ ಅಂದಿರಿ. ಕರ್ನಾಟಕದಲ್ಲಿ ಬೇಕಾದಷ್ಟಿದೆ, ಅಲ್ವಾ? ಮೇವರೆಗೆ ವಾರಾಂತ್ಯಕ್ಕೊಮ್ಮೆ ನಂದಿಬೆಟ್ಟ: ಮೊದಲು ಎರಡು ಸಲ, ಆಮೇಲೆ ಮೂರು, ನಾಲ್ಕು. ಜೂನ್, ಜುಲೈನಲ್ಲಿ ಚಿಕ್ಕಮಗಳೂರಿನಲ್ಲಿ ಒಂದೆರಡು ಸಲ ಮೂರು ನಾಲ್ಕು ದಿನ ಉಳಿದು, ವಾರದ ದಿನಗಳಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹತ್ತಿ. ವಾರಾಂತ್ಯದಲ್ಲಿ ಪ್ರವಾಸಿಗರ ವಾಹನ ವಿಪರೀತ, ಹೋಗಬೇಡಿ. ಮಲೆನಾಡಿನ ಮುಂಗಾರು ನಿಮಗೆ ಸಿಗುವ ಅತ್ಯುತ್ತಮ ನಾರ್ವೆ. ನೀರು ಸೋರುವ ರಸ್ತೆ, ಮಂಜು, ಎದುರುಗಾಳಿ, ನೆನೆದ ಕೈಗವಸು ಎಲ್ಲವೂ ಅಲ್ಲಿ ಸಿಗುತ್ತದೆ. ಮಳೆಗೆ ತಾಲೀಮು ತಪ್ಪಿಸಬೇಡಿ, ಆದರೆ ಗುಡ್ಡ ಕುಸಿತದ ಎಚ್ಚರಿಕೆ ಇರುವ ದಿನ ಘಾಟಿಗೆ ಕಾಲಿಡಬೇಡಿ. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಬಸ್ಸು, ಲಾರಿ ಎದುರು ಇಳಿಯುವ ಅಭ್ಯಾಸಕ್ಕೆ ಹೋಗಬೇಡಿ. ಹತ್ತುವುದು ಸೈಕಲ್ಲಿನಲ್ಲಿ, ಇಳಿಯುವುದು ಕಾರಿನಲ್ಲಿ.

ಈ ಮಲೆನಾಡಿನ ದಿನಗಳಿಗೆ ಯಜಮಾನರು ಬರಲೇಬೇಕು. ಮುಂದೆ ಹೋಗಿ ಎಲ್ಲಿ ನಿಲ್ಲಿಸಬೇಕು, ಬಾಟಲಿ ಹೇಗೆ ಕೊಡಬೇಕು, ನೀವು ಸಿಡುಕಿದಾಗ ಏನು ಮಾಡಬೇಕು ಎಲ್ಲ ಅಲ್ಲೇ ಕಲಿಯಬೇಕು. ಬಟ್ಟೆಯನ್ನು ಬೇರೆ ಬೇರೆ ಡಬ್ಬಿಗಳಿಗೆ ಹಾಕಿ ಮೇಲೆ ದೊಡ್ಡದಾಗಿ ಕನ್ನಡದಲ್ಲೇ ಬರೆಯಿರಿ: ಕೈ, ತಲೆ, ಮಳೆ, ಇಳಿಜಾರು. ಜೆಲ್ ಪೊಟ್ಟಣದ ತುದಿ ಅವರೇ ಕತ್ತರಿಸಿ ಕೊಡಲಿ. ಪ್ರತಿ ನಿಲುಗಡೆಯಲ್ಲಿ ಅವರು ನಿಮಗೆ ಒಂದೇ ಒಂದು ಸುಲಭ ಪ್ರಶ್ನೆ ಕೇಳಲಿ, ಮಗಳ ಸ್ಕೂಲಿನ ಹೆಸರೋ, ಮನೆ ನಂಬರೋ. ಉತ್ತರ ತಡವಾದರೆ, ನಾಲಿಗೆ ತೊದಲಿದರೆ, ನಡುಕ ನಿಲ್ಲದಿದ್ದರೆ ಚಳಿ ಒಳಗೆ ಇಳಿದಿದೆ ಅಂತ ಅರ್ಥ. ಆಗ ಕಾರಿನಲ್ಲಿ ಕೂರಿಸಿ, ಒಣಬಟ್ಟೆ ಹಾಕಿ, ಹೀಟರ್ ಹಚ್ಚುವ ಅಧಿಕಾರ ಅವರದು. ನಿಲ್ಲಿಸುವ ಅಧಿಕಾರವೂ ಅವರದೇ. ಇದನ್ನು ಮನೆಯಲ್ಲಿ ಕೂತು ಮೊದಲೇ ಒಪ್ಪಿಕೊಳ್ಳಿ, ಯಾಕೆಂದರೆ ಆ ಹೊತ್ತಿನಲ್ಲಿ ನಿಮ್ಮ ತೀರ್ಮಾನವನ್ನು ನಂಬುವಂತಿರುವುದಿಲ್ಲ.

ಊಟದಲ್ಲಿ ಸಸ್ಯಾಹಾರಿಗೆ ಏನೂ ತೊಂದರೆ ಇಲ್ಲ. ಬೇಕಾದ್ದನ್ನು ನಿಮ್ಮ ಕಾರಿನಲ್ಲೇ ಒಯ್ಯುತ್ತೀರಿ. ಗಂಟೆಗೆ 60ರಿಂದ 80 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇರಲಿ. ಇದಕ್ಕೆ ಹೊಟ್ಟೆಯನ್ನೂ ಪಳಗಿಸಬೇಕು, ಈಗಿನಿಂದಲೇ ಉದ್ದನೆಯ ರೈಡ್‌ಗಳಲ್ಲಿ 40ರಿಂದ ಶುರು ಮಾಡಿ ಏರಿಸಿ. ಜೆಲ್, ಡ್ರಿಂಕ್ ಮಿಕ್ಸ್ ಜೊತೆ ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಸಣ್ಣ ಸಣ್ಣ ಅಕ್ಕಿ ಉಂಡೆ ಇಟ್ಟುಕೊಳ್ಳಿ. ಫ್ಲಾಸ್ಕಿನಲ್ಲಿ ಬಿಸಿ ತಿಳಿಸಾರು ಇರಲಿ. ಪ್ರಸ್ಥಭೂಮಿಯ ಗಾಳಿಯಲ್ಲಿ ನೂರು ಮಿಲಿ ಸಾರು ಉಪ್ಪನ್ನೂ ಕೊಡುತ್ತದೆ, ಧೈರ್ಯವನ್ನೂ ಕೊಡುತ್ತದೆ. ಖಾರ ಮಾತ್ರ ಕಡಿಮೆ ಮಾಡಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಹಾಗಂತ ಬೆಂಗಳೂರಿನ ಬೇಸಿಗೆಯ ಲೆಕ್ಕದಲ್ಲಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಬೇರೆಯೇ ಅಪಾಯ.

ಓಟದ ಮೊದಲ 25 ಕಿ.ಮೀ. ಹೆಚ್ಚುಕಡಿಮೆ ಸಮತಟ್ಟು. ಶುರುವಿಗೆ ಟಿನ್ ಸರೋವರದ ದಂಡೆ. 1944ರಲ್ಲಿ ಜರ್ಮನರು ಅಣು ಸಂಶೋಧನೆಗೆ ಬೇಕಾದ ಭಾರಜಲ ಸಾಗಿಸುತ್ತಿದ್ದ ಫೆರ್ರಿಯನ್ನು ನಾರ್ವೆಯ ಹೋರಾಟಗಾರರು ಮುಳುಗಿಸಿದ್ದು ಇದೇ ಸರೋವರದಲ್ಲಿ. ಅದರ ಅವಶೇಷ ಇನ್ನೂ ತಳದಲ್ಲಿದೆ. ಓಡುವಾಗ ಒಮ್ಮೆ ಆ ನೀರಿನ ಕಡೆ ನೋಡಿ. 25ನೇ ಕಿಲೋಮೀಟರಿಗೆ ರಸ್ತೆ ಬೆಟ್ಟದ ಕಡೆ ತಿರುಗುತ್ತದೆ. ಇದಕ್ಕೆ ಜೋಂಬಿ ಹಿಲ್ ಅಂತಲೇ ಹೆಸರು. ತಿರುವಿನ ಮೇಲೆ ತಿರುವು, ಏಳು ಕಿಲೋಮೀಟರ್ ಬಿಡದ ಏರು. ಬಹುತೇಕ ಎಲ್ಲರೂ ಇಲ್ಲಿ ನಡೆಯುತ್ತಾರೆ. ಹಾಗಾಗಿ ಬಿರುಸಾಗಿ ಏರು ನಡೆಯುವುದನ್ನೇ ಒಂದು ವ್ಯಾಯಾಮವಾಗಿ ಅಭ್ಯಾಸ ಮಾಡಿ. ಟ್ರೆಡ್‌ಮಿಲ್ಲಿಗೆ ಶೇಕಡಾ ಹತ್ತರ ಏರು ಕೊಟ್ಟು ಒಂದು ಗಂಟೆ. ಉದ್ದನೆಯ ರೈಡ್ ಮುಗಿಸಿದ ಮಾರನೇ ದಿನ ಚಾಮುಂಡಿ ಮೆಟ್ಟಿಲು, ಯಜಮಾನರ ಜೊತೆ, ಇಬ್ಬರೂ ಬ್ಯಾಗ್ ಹೊತ್ತು.

ಕಪ್ಪು ಟೀಶರ್ಟ್ ವಿಷಯ ನೇರವಾಗಿ ಹೇಳುತ್ತೇನೆ. 32.5 ಕಿ.ಮೀ.ನ ತಪಾಸಣೆಯ ಜಾಗವನ್ನು ಮೊದಲು ದಾಟಿದ 160 ಜನರಿಗೆ ಮಾತ್ರ ಬೆಟ್ಟದ ತುದಿ, ಕಪ್ಪು ಟೀಶರ್ಟ್. ಹವಾಮಾನ ಕೆಟ್ಟರೆ ಅದೂ ಬದಲಾಗಬಹುದು. ಉಳಿದವರು ಕೆಳಗೇ ಅಷ್ಟೇ ದೂರ ಓಡಿ ಮುಗಿಸುತ್ತಾರೆ, ಅವರಿಗೆ ಬಿಳಿ ಟೀಶರ್ಟ್. ಸಮತಟ್ಟು ದಾರಿಯಲ್ಲಿ 13 ಗಂಟೆ ಚಿಲ್ಲರೆ ತೆಗೆದುಕೊಂಡ ನಿಮಗೆ ಮೊದಲ ವರ್ಷವೇ ಆ 160ರಲ್ಲಿ ಬರುವುದು ಕಷ್ಟ. ಅಸಾಧ್ಯ ಅನ್ನುವುದಿಲ್ಲ, ಈ ಎಂಟು ತಿಂಗಳಲ್ಲಿ ಏರಿನ ಶಕ್ತಿ ಚೆನ್ನಾಗಿ ಬೆಳೆದರೆ ಹತ್ತಿರ ಬರಬಹುದು. ಆದರೆ ಬೆಳಗ್ಗೆಯೇ ಆ ಲೆಕ್ಕ ಹಾಕಿಕೊಂಡು ಮೊದಲ ಏರಿನಲ್ಲಿ ಜೋರಾಗಿ ತುಳಿದವರು ಇಮಿಂಗ್‌ಫ್ಯೆಲ್‌ನಲ್ಲಿ ಸುಸ್ತಾಗಿ ಕೂರುತ್ತಾರೆ. ಬಿಳಿ ಟೀಶರ್ಟ್‌ನವರೂ 226 ಕಿ.ಮೀ. ಪೂರ್ತಿ ಮಾಡಿದವರೇ. ನನ್ನ ದೃಷ್ಟಿಯಲ್ಲಿ ಅದರ ಬೆಲೆ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲ. ರೇಸಿನ ದಿನ 25ನೇ ಕಿಲೋಮೀಟರಿನವರೆಗೆ ನಿಮ್ಮ ಸ್ಥಾನ ಎಷ್ಟು ಅಂತ ಕೇಳಬೇಡಿ. ತಮ್ಮನಿಗೂ ಹೇಳಬೇಡ ಅನ್ನಿ. ಅಲ್ಲಿ ಹತ್ತಿರದಲ್ಲಿದ್ದರೆ ಅವರೇ ಹೇಳುತ್ತಾರೆ, ಆಗ ಇರುವ ಶಕ್ತಿಯನ್ನೆಲ್ಲ ಆ ಏರಿಗೆ ಹಾಕಿ. ತುದಿಗೆ ಹೋದರೂ ಹೋಗದಿದ್ದರೂ ಯಜಮಾನರ ತಯಾರಿ ಮಾತ್ರ ಪೂರ್ತಿ ಇರಬೇಕು. ತುದಿ ಮುಟ್ಟಿದರೆ ಇಳಿಯುವ ಚಿಂತೆ ಕಡಿಮೆ. ಬೆಟ್ಟದ ಹೊಟ್ಟೆಯೊಳಗೆ ಒಂದು ರೈಲಿದೆ, 1950ರ ದಶಕದಲ್ಲಿ ಸೈನ್ಯಕ್ಕಾಗಿ ಕಟ್ಟಿದ್ದು.

ಕಾಗದಪತ್ರಕ್ಕೆ ಬಂದರೆ, ನಾರ್ವೆಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ. ಆ ಪಾಲಿಸಿ ಸ್ಪರ್ಧೆಯನ್ನೂ, ಬೆಟ್ಟದಿಂದ ಕೆಳಗಿಳಿಸುವ ಖರ್ಚನ್ನೂ ಒಳಗೊಳ್ಳುತ್ತದೆಯಾ ಅಂತ ಓದಿ ನೋಡಿ, ಅಗ್ಗದವು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ಮೇ ತಿಂಗಳ ಜರ್ಮನಿ ಪ್ರವಾಸವೂ ಇದ್ದರೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶವಿರುವ ವೀಸಾ ಕೇಳಿ. ಶುರು ಒಂದು ಊರು, ಮುಕ್ತಾಯ ಇನ್ನೊಂದು ಊರು. ಹಾಗಾಗಿ ಐಡ್‌ಫ್ಯೋರ್ಡ್‌ನಲ್ಲೂ ಮುಕ್ತಾಯದ ಬೆಟ್ಟದ ಬಳಿಯ ರ್ಯುಕಾನ್ ಕಡೆಯಲ್ಲೂ ಬೇರೆ ಬೇರೆ ರೂಮು ಈಗಲೇ ಬುಕ್ ಮಾಡಿ. ಸೈಕಲ್ ಪೆಟ್ಟಿಗೆ, ಮೂವರು, ಡಬ್ಬಿಗಳು ಎಲ್ಲ ಹಿಡಿಸುವ ಸ್ಟೇಷನ್ ವ್ಯಾಗನ್ ಬೇಕು, ಸಣ್ಣ ಕಾರಿನಲ್ಲಿ ಆಗುವುದಿಲ್ಲ. ನಾರ್ವೆಯಲ್ಲಿ ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು.

ಕೊನೆಗೆ ತಮ್ಮನ ನಿದ್ದೆ. ರೇಸಿನ ರಾತ್ರಿ ಅವರು ಇಪ್ಪತ್ತು ಗಂಟೆ ಎಚ್ಚರ ಇದ್ದಿರುತ್ತಾರೆ. ನೀವು ಬೆಟ್ಟದಲ್ಲಿರುವಾಗ ಕಾರಿನಲ್ಲೇ ಒಂದು ಗಂಟೆ ಮಲಗಲಿ. ಆ ರಾತ್ರಿ ರೂಮಿನಿಂದ ಮುಂದಕ್ಕೆ ಒಂದು ಕಿಲೋಮೀಟರ್ ಕೂಡ ಓಡಿಸುವುದು ಬೇಡ. ಟೀಶರ್ಟ್ ಕೊಡುವ ಕಾರ್ಯಕ್ರಮ ಇರುವುದು ಮಾರನೇ ದಿನ. ಅದನ್ನು ಮುಗಿಸಿ, ಊಟ ಮಾಡಿ, ಮತ್ತೊಂದು ರಾತ್ರಿ ಉಳಿದು ಆಮೇಲೆ ಓಸ್ಲೊ ಕಡೆ ಹೊರಡಿ. ವಿಮಾನದ ಟಿಕೆಟ್ ಅದಕ್ಕೆ ತಕ್ಕಂತೆ ತೆಗೆಯಿರಿ. ಬಿಪಿ ಮತ್ತು ರಕ್ತದ ವರದಿ ಬಂದ ಮೇಲೆ ಬರೆದು ತಿಳಿಸಿ, ಡ್ರಮ್ಮಿಗೆ ಯಾವಾಗ ಇಳಿಯಬೇಕು ಅಂತ ಆಗ ಹೇಳುತ್ತೇನೆ.